ಅಣು ಸ್ಥಾವರದ ಪೈಪು ಯಾಕೆ ಬಿರುಕು ಬಿಡುತ್ತದೆ? ಶಾಖದ ಸ್ಟ್ರೆಸ್ ಮತ್ತು ಲೋಹದ ದಣಿವಿನ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತದೆ. ಆ ಕ್ಷಣ ಕಾವಲಿಯ ಮೇಲ್ಮೈ ತಣ್ಣಗಾಗಿ ಕುಗ್ಗಲು ನೋಡುತ್ತದೆ. ಕೆಳಗಿನ ಲೋಹ ಇನ್ನೂ ಬಿಸಿ ಇರುವುದರಿಂದ ಕುಗ್ಗಲು ಬಿಡುವುದಿಲ್ಲ. ಹೀಗೆ ಮೇಲ್ಮೈ ಎಳೆತಕ್ಕೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಾವಲಿ ಇದನ್ನು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ, ಯಾಕೆಂದರೆ ನಾವು ದೋಸೆ ಹುಯ್ಯುವುದು ಬೆಳಗ್ಗೆ ಮಾತ್ರ. ಅದೇ ಕೆಲಸ ಹತ್ತು ನಿಮಿಷಕ್ಕೊಮ್ಮೆ, ಹಗಲೂ ರಾತ್ರಿ, ಆರು ವರ್ಷ ನಡೆದರೆ?

1987ರ ಡಿಸೆಂಬರ್‌ನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಫಾರ್ಲಿ ಸ್ಥಾವರದ 2ನೇ ಘಟಕದಲ್ಲಿ ಹೆಚ್ಚೂಕಮ್ಮಿ ಇದೇ ಆಯಿತು. ತುರ್ತು ಹೊತ್ತಿನಲ್ಲಿ ರಿಯಾಕ್ಟರಿಗೆ ತಣ್ಣೀರು ನುಗ್ಗಿಸುವ ಒಂದು ಪೈಪು. ಮಾಮೂಲಿ ದಿನಗಳಲ್ಲಿ ಅದರ ವಾಲ್ವ್ ಮುಚ್ಚಿರುತ್ತದೆ, ನೀರು ಹರಿಯುವುದಿಲ್ಲ. ಕಾಗದದ ಮೇಲೆ ಹಾಗಿತ್ತು. ಆದರೆ ಮುಚ್ಚಿದ ವಾಲ್ವ್ ಸ್ವಲ್ಪ ಸ್ವಲ್ಪ ಸೋರುತ್ತಿತ್ತು. ಪಂಪಿನ ಕಡೆ ಒತ್ತಡ ಜಾಸ್ತಿ ಇದ್ದದ್ದರಿಂದ ತಣ್ಣೀರು ಮೆಲ್ಲಗೆ ರಿಯಾಕ್ಟರಿನ ಕಡೆಗೆ ಜಾರುತ್ತಿತ್ತು. ಕೊನೆಗೆ ಎಲ್ಬೋ (ಪೈಪು ತಿರುಗುವ ಮೊಣಕೈ) ಪಕ್ಕದ ಬೆಸುಗೆಯಲ್ಲಿ ಗೋಡೆಯ ಆಚೆ ತನಕ ಬಿರುಕು ಬಂತು. ರಿಯಾಕ್ಟರಿಗೂ ಆ ಬಿರುಕಿಗೂ ನಡುವೆ ಮುಚ್ಚಲು ಇನ್ನೊಂದು ವಾಲ್ವ್ ಇರಲಿಲ್ಲ.

1988ರ ಜೂನ್‌ನಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಇಂಥ ಪೈಪುಗಳ ಬಗ್ಗೆ ಸ್ಥಾವರಗಳಿಗೆ ಬುಲೆಟಿನ್ 88-08 ಹೊರಡಿಸಿತು. ಅದೇ ತಿಂಗಳು ಬೆಲ್ಜಿಯಂನ ಟಿಯಾಂಜ್ 1 ಮತ್ತು ಜಪಾನಿನ ಗೆಂಕೈ 1ರಲ್ಲಿ ಇದೇ ಜಾತಿಯ ಬಿರುಕುಗಳು ಸಿಕ್ಕವು. ಮೂರು ದೇಶ, ಮೂರು ಪೈಪು, ಒಂದೇ ಕಾಯಿಲೆ.

ಈ ಮಾರ್ಗದರ್ಶಿ ಬರೆಯುತ್ತಿರುವುದು ಪೈಪಿಂಗ್ ಸ್ಟ್ರೆಸ್ ಗುಂಪಿಗೆ ಹೊಸದಾಗಿ ಸೇರಿದವರಿಗೆ, ಮೆಕ್ಯಾನಿಕಲ್ ಓದುತ್ತಿರುವವರಿಗೆ. ಸಾಫ್ಟ್‌ವೇರ್ ಓಡಿಸಲು ನಿಮಗೆ ಗೊತ್ತಿರಬಹುದು. ಪೈಪು ಒಂದು ಸಲ ಬಿಸಿಯಾಗಿ ತಣ್ಣಗಾದರೆ ಒಂದು ಆವರ್ತನೆ. ಆದರೆ ಡಿಸೈನ್ ಪುಸ್ತಕದಲ್ಲಿ ಎಣಿಸಿಟ್ಟ ಆವರ್ತನೆಗಳಿಂದ ಪೈಪು ಒಡೆಯುವುದು ಕಡಿಮೆ. ಯಾರೂ ಬರೆದಿಡದ ಆವರ್ತನೆಗಳಿಂದ ಒಡೆಯುವುದೇ ಜಾಸ್ತಿ. ಅದಕ್ಕೇ ಇಲ್ಲಿ ಸೂತ್ರಕ್ಕಿಂತ ಮೊದಲು ಪೆನ್ಸಿಲ್ ಬರುತ್ತದೆ.

ಪದಗಳ ಬಗ್ಗೆ ಒಂದು ಮಾತು. ಸ್ಟ್ರೆಸ್‌ಗೆ ಪಠ್ಯಪುಸ್ತಕದಲ್ಲಿ ಪೀಡನ ಅನ್ನುತ್ತಾರೆ. ಆಫೀಸಿನಲ್ಲಿ ಹಾಗೆ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಒತ್ತಡ ಅಂದರೆ ನೀರಿನ ಪ್ರೆಶರ್ ಜೊತೆ ಗೊಂದಲ. ಹಾಗಾಗಿ ಸ್ಟ್ರೆಸ್ ಅಂತಲೇ ಬರೆಯುತ್ತೇನೆ. ಫಟೀಗ್‌ಗೆ ದಣಿವು ಅನ್ನುವ ಮಾತು ಚೆನ್ನಾಗಿಯೇ ಹೊಂದುತ್ತದೆ. ಕಟ್ಟು ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ದಣಿವು.

ಹೆಜ್ಜೆ 1: ಡ್ರಾಯಿಂಗ್ ಮೇಲೆ ಕೆಂಪು, ನೀಲಿ ಗೆರೆ ಎಳೆಯಿರಿ

ಪೈಪಿನ ಐಸೊಮೆಟ್ರಿಕ್ ಡ್ರಾಯಿಂಗ್ ಪ್ರಿಂಟ್ ತೆಗೆಯಿರಿ. ಬಿಸಿನೀರು ಇರುವ ಕಡೆ ಕೆಂಪು, ತಣ್ಣೀರು ಇರುವ ಕಡೆ ನೀಲಿ. ಎರಡು ಬಣ್ಣ ಎಲ್ಲಿ ಮುಟ್ಟುತ್ತವೋ ಅಲ್ಲಿ ಒಂದು ಸುತ್ತು ಹಾಕಿ. ನಿಮ್ಮ ಮುಂದಿನ ಕೆಲಸವೆಲ್ಲ ಆ ಸುತ್ತಿನೊಳಗೆ.

ಸುತ್ತು ಬೀಳುವ ಜಾಗಗಳು ಸಾಮಾನ್ಯವಾಗಿ ಇವೇ. ಬಿಸಿ, ತಣ್ಣನೆ ಎರಡು ಹರಿವು ಸೇರುವ ಟೀ, ಅಂದರೆ ಇಂಗ್ಲಿಷ್ T ಆಕಾರದ ಜೋಡಣೆ. ಎರಡೂ ಬದಿ ಬೇರೆ ಬೇರೆ ಉಷ್ಣಾಂಶ ಇರುವ ಮುಚ್ಚಿದ ವಾಲ್ವ್. ತಣ್ಣೀರು ಬಂದು ಬೀಳುವ ನಾಝಲ್, ಅಂದರೆ ಪಾತ್ರೆಗೋ ದೊಡ್ಡ ಪೈಪಿಗೋ ಪೈಪು ಸೇರುವ ಬಾಯಿ. ನೀರು ತೀರಾ ನಿಧಾನವಾಗಿ ಹರಿಯುವ ಉದ್ದನೆಯ ಅಡ್ಡ ಪೈಪು. ಆಮೇಲೆ ಎಲ್ಲರೂ ಮರೆಯುವಂಥದ್ದು, ಮುಖ್ಯ ಪೈಪಿನಿಂದ ಕವಲೊಡೆದು ಮುಂದೆ ಮುಚ್ಚಿಕೊಂಡಿರುವ ಕುರುಡು ಪೈಪು. ಅದರಲ್ಲಿ ಹರಿವಿಲ್ಲ ನಿಜ. ಆದರೆ ಮುಖ್ಯ ಪೈಪಿನ ಬಿಸಿನೀರು ಸುಳಿಸುತ್ತುತ್ತಾ ವ್ಯಾಸದ ಹಲವು ಪಟ್ಟು ದೂರ ಒಳಗೆ ನುಗ್ಗುತ್ತದೆ. ಆ ಸುಳಿಯ ತುದಿ ಒಂದೇ ಕಡೆ ನಿಲ್ಲುವುದಿಲ್ಲ, ಹಿಂದೆ ಮುಂದೆ ಓಲಾಡುತ್ತದೆ. ಅದು ಓಲಾಡುವ ಜಾಗದಲ್ಲಿ ಎಲ್ಬೋ ಇದ್ದರೆ ಎರಡು ಸುತ್ತು ಹಾಕಿ.

ವಾಲ್ವ್ ಚಿತ್ರದ ಪಕ್ಕ ಎರಡೂ ಬದಿಯ ಒತ್ತಡ ಬರೆಯಿರಿ. ಒತ್ತಡದ ನೀರಿನ ರಿಯಾಕ್ಟರಿನಲ್ಲಿ ಲೂಪಿನ (ರಿಯಾಕ್ಟರಿನ ಬಿಸಿನೀರು ಸುತ್ತುವ ಮುಖ್ಯ ಪೈಪುಗಳ) ಒತ್ತಡ ಸುಮಾರು 155 ಬಾರ್, ನೀರು 290ರಿಂದ 325 ಡಿಗ್ರಿ ಸೆಲ್ಸಿಯಸ್. ನಮ್ಮ ಕೈಗಾದ ಭಾರಜಲ ರಿಯಾಕ್ಟರಿನಲ್ಲಿ ಹೊರಬರುವ ಭಾರಜಲ ಸುಮಾರು 293 ಡಿಗ್ರಿ. ವಾಲ್ವಿನ ತಣ್ಣನೆ ಬದಿಯ ಒತ್ತಡ ಬಿಸಿ ಬದಿಗಿಂತ ಜಾಸ್ತಿ ಇದ್ದರೆ, ಆ ವಾಲ್ವ್ ಒಂದಲ್ಲ ಒಂದು ದಿನ ತಣ್ಣೀರನ್ನು ಒಳಗೆ ಬಿಡುತ್ತದೆ ಅಂದುಕೊಂಡೇ ಮುಂದೆ ಹೋಗಿ.

ಸಾಧ್ಯವಾದರೆ ಶಟ್‌ಡೌನ್ ಹೊತ್ತಿನಲ್ಲಿ ಲೈನ್ ಉದ್ದಕ್ಕೂ ನಡೆದು ನೋಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸ್ಥಾವರದ ಹಬೆ ಲೈನ್ ನೋಡಲು ಹೋಗಿದ್ದೆ. ಲೆಕ್ಕದಲ್ಲಿ ಪೈಪು 30 ಮಿಲಿಮೀಟರ್ ಇಳಿಯಬೇಕು. ಅಲ್ಲಿ ಇಳಿದೇ ಇರಲಿಲ್ಲ. ಮಾಡೆಲ್ ತಪ್ಪಿರಬೇಕು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಒಬ್ಬ ಹಳೇ ಫಿಟ್ಟರ್ ಪೈಪನ್ನು ತೂಗಿಹಿಡಿದ ಸ್ಪ್ರಿಂಗ್ ಹ್ಯಾಂಗರ್ ಕಡೆ ಬೆರಳು ತೋರಿಸಿ, "ಸಾರ್, ಪಿನ್ ಇನ್ನೂ ಅಲ್ಲೇ ಇದೆಯಲ್ಲ" ಅಂದರು. ಸಾಗಿಸುವಾಗ ಸ್ಪ್ರಿಂಗ್ ಅಲ್ಲಾಡದಿರಲಿ ಅಂತ ಹಾಕಿದ ಲಾಕ್ ಪಿನ್ ತೆಗೆಯದೇ ಲೈನ್ ಬಿಸಿ ಮಾಡಿದ್ದರು. ಸ್ಪ್ರಿಂಗ್ ಅಂತ ನಾನು ಮಾಡೆಲ್‌ನಲ್ಲಿ ಬರೆದದ್ದು ಅಲ್ಲಿ ಕಬ್ಬಿಣದ ಗೂಟವಾಗಿತ್ತು.

ಹೆಜ್ಜೆ 2: ಹಿಗ್ಗುವಿಕೆ, ಒಂದೇ ಗುಣಾಕಾರದಲ್ಲಿ

ಇದು ಸುಲಭದ ಭಾಗ. ಸ್ಟೇನ್‌ಲೆಸ್ ಸ್ಟೀಲ್ ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 0.017 ಮಿಲಿಮೀಟರ್ ಹಿಗ್ಗುತ್ತದೆ. 10 ಮೀಟರ್ ಪೈಪು 30 ಡಿಗ್ರಿಯಿಂದ 290ಕ್ಕೆ ಏರಿದರೆ 44 ಮಿಲಿಮೀಟರ್. ಕಾರ್ಬನ್ ಸ್ಟೀಲ್ ಆದರೆ ಸುಮಾರು 32.

ಎರಡೂ ತುದಿ ಗಟ್ಟಿಯಾಗಿ ಕಟ್ಟಿಹಾಕಿದರೆ? ಸ್ಟೇನ್‌ಲೆಸ್ ಸ್ಟೀಲಿನ ಇಲಾಸ್ಟಿಕ್ ಮಾಡ್ಯುಲಸ್ (ಲೋಹದ ಬಿಗಿತದ ಅಳತೆ) ಈ ಉಷ್ಣಾಂಶದಲ್ಲಿ ಸುಮಾರು 1,80,000 ಮೆಗಾಪಾಸ್ಕಲ್; ಸ್ಟ್ರೆಸ್ ಅಳೆಯುವುದೂ ಇದೇ ಮೆಗಾಪಾಸ್ಕಲ್‌ನಲ್ಲಿ. ಅದನ್ನು ಹಿಗ್ಗುವ ಪ್ರಮಾಣದಿಂದ ಗುಣಿಸಿ. ಒಂದು ಡಿಗ್ರಿಗೆ ಸುಮಾರು 3 ಮೆಗಾಪಾಸ್ಕಲ್ ಬರುತ್ತದೆ. ಈ 3 ನೆನಪಿರಲಿ. 260 ಡಿಗ್ರಿಗೆ ಸುಮಾರು 800 ಮೆಗಾಪಾಸ್ಕಲ್. ಈ ಸ್ಟೀಲ್ ಸುಮಾರು 200 ದಾಟುವಷ್ಟರಲ್ಲೇ ಶಾಶ್ವತವಾಗಿ ಬಗ್ಗಲು ಶುರುವಾಗುತ್ತದೆ. ಅದಕ್ಕೇ ಪೈಪುಗಳಿಗೆ ಅಷ್ಟೊಂದು ಎಲ್ಬೋ, ಅಷ್ಟೊಂದು ಸುತ್ತು. ಸಾಫ್ಟ್‌ವೇರ್ ಈ ಕೆಲಸ ಚೆನ್ನಾಗಿ ಮಾಡುತ್ತದೆ, ಅದಕ್ಕೇ ಬಿಡಿ. ಪಿನ್ ತೆಗೆದಿದ್ದಾರಾ ಅನ್ನುವುದನ್ನು ಮಾತ್ರ ಅದು ನೋಡುವುದಿಲ್ಲ.

ಹೆಜ್ಜೆ 3: ಗೋಡೆಯ ದಪ್ಪದೊಳಗೆ ಏನಾಗುತ್ತದೆ ನೋಡಿ

ಈಗ ದೋಸೆ ಕಾವಲಿಗೆ ಬನ್ನಿ. ಬಿಸಿ ಪೈಪಿನೊಳಗೆ ತಣ್ಣೀರು ದಿಢೀರನೆ ನುಗ್ಗಿತು ಅಂದುಕೊಳ್ಳಿ. ಒಳಮೈ ಮಾತ್ರ ತಣ್ಣಗಾಗುತ್ತದೆ. ಅದು ಉದ್ದಕ್ಕೂ ಕುಗ್ಗಬೇಕು, ಸುತ್ತಲೂ ಕುಗ್ಗಬೇಕು, ಎರಡೂ ಕಡೆ ತಡೆ. ಎರಡು ದಿಕ್ಕಿನಲ್ಲಿ ತಡೆ ಇರುವಾಗ ಆ 3 ಅನ್ನು, 1ರಿಂದ ಪಾಯ್ಸನ್ ಅನುಪಾತ (ಒಂದು ಕಡೆ ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಅನ್ನುವ ಅಳತೆ) 0.3 ಕಳೆದು ಬರುವ 0.7ರಿಂದ ಭಾಗಿಸಬೇಕು. ಡಿಗ್ರಿಗೆ ಸುಮಾರು 4.4 ಮೆಗಾಪಾಸ್ಕಲ್ ಆಗುತ್ತದೆ. ಇದು ಮೇಲ್ಮಿತಿ, ಇದಕ್ಕಿಂತ ಜಾಸ್ತಿ ಬಾರದು.

ಆದರೆ "ದಿಢೀರನೆ" ಅಂದರೆ ಎಷ್ಟು ಬೇಗ? ಇದಕ್ಕೊಂದು ಸುಲಭ ಅಳತೆ ಇದೆ. ಗೋಡೆಯ ದಪ್ಪದ ವರ್ಗವನ್ನು ಶಾಖ ಹರಡುವ ವೇಗದಿಂದ ಭಾಗಿಸಿ. ಸ್ಟೇನ್‌ಲೆಸ್ ಸ್ಟೀಲಿಗೆ ಆ ವೇಗ ಸೆಕೆಂಡಿಗೆ ಸುಮಾರು 4 ಚದರ ಮಿಲಿಮೀಟರ್. 20 ಮಿಲಿಮೀಟರ್ ಗೋಡೆಗೆ 400 ಭಾಗಿಸು 4, ಅಂದರೆ 100 ಸೆಕೆಂಡು. ನೀರಿನ ಉಷ್ಣಾಂಶ 100 ಸೆಕೆಂಡಿಗಿಂತ ಬಹಳ ಬೇಗ ಬದಲಾದರೆ ಅದು ಲೋಹಕ್ಕೆ ಶಾಕ್. ಅರ್ಧ ಗಂಟೆಯಲ್ಲಿ ಬದಲಾದರೆ ಗೋಡೆ ಜೊತೆಜೊತೆಗೇ ಬಿಸಿಯಾಗುತ್ತದೆ, ಹೆಚ್ಚು ತೊಂದರೆಯಿಲ್ಲ.

ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ನಿಯಮಾವಳಿ, ಎಎಸ್‌ಎಂಇ ಕೋಡ್ (ಮೂರನೇ ಸೆಕ್ಷನ್, ಎನ್‌ಬಿ-3600), ಗೋಡೆಯೊಳಗಿನ ಉಷ್ಣಾಂಶದ ವ್ಯತ್ಯಾಸವನ್ನು ಎರಡು ಭಾಗ ಮಾಡುತ್ತದೆ. ಒಳಗಿನಿಂದ ಹೊರಗೆ ನೇರ ಗೆರೆಯಂತೆ ಬದಲಾಗುವ ಭಾಗಕ್ಕೆ ಡೆಲ್ಟಾ ಟಿ 1, ಮೇಲ್ಮೈ ಹತ್ತಿರ ಚೂಪಾಗಿ ಬಾಗಿದ ಉಳಿದ ಭಾಗಕ್ಕೆ ಡೆಲ್ಟಾ ಟಿ 2. ಮೊದಲನೆಯದು ಗೋಡೆಯನ್ನು ಬಗ್ಗಿಸಲು ನೋಡುತ್ತದೆ, ಎರಡನೆಯದು ತೊಗಲನ್ನು ಮಾತ್ರ ಎಳೆಯುತ್ತದೆ. ಎರಡೂ ದಣಿವಿನ ಲೆಕ್ಕಕ್ಕೆ ಸೇರುತ್ತವೆ. ಇವಲ್ಲದೆ ದಪ್ಪ ನಾಝಲ್‌ಗೆ ತೆಳು ಪೈಪು ಬೆಸೆದ ಕಡೆ ಇನ್ನೊಂದು ಬಾಬ್ತು ಇದೆ. ತೆಳು ಬದಿ ಬೇಗ ತಣ್ಣಗಾಗುತ್ತದೆ, ದಪ್ಪ ಬದಿ ತಡವಾಗಿ. ನಡುವೆ ಬೆಸುಗೆ ಸಿಕ್ಕಿ ಒದ್ದಾಡುತ್ತದೆ.

ಹೆಜ್ಜೆ 4: ಹಂಡೆಯ ನೀರಿನ ಪಾಠ

ಬಚ್ಚಲ ಹಂಡೆಯಲ್ಲಿ ಮೇಲೆ ಕೈ ಇಟ್ಟರೆ ಸುಡುತ್ತದೆ, ಕೆಳಗೆ ತಣ್ಣಗಿರುತ್ತದೆ. ಚೊಂಬಿನಲ್ಲಿ ಕಲಕಿಯೇ ಸ್ನಾನ ಮಾಡುವುದು. ಬಿಸಿನೀರು ಹಗುರ, ತಣ್ಣೀರು ಭಾರ. ಜೋರಾಗಿ ಹರಿದರೆ ಎರಡೂ ಬೆರೆಯುತ್ತವೆ. ಮೆಲ್ಲಗೆ ಹರಿದರೆ ಅಡ್ಡ ಪೈಪಿನಲ್ಲಿ ಮೇಲೆ ಬಿಸಿ, ಕೆಳಗೆ ತಣ್ಣಗೆ ಪದರ ಪದರವಾಗಿ ಕೂರುತ್ತವೆ. ಇದನ್ನು ಸ್ಟ್ರಾಟಿಫಿಕೇಷನ್ ಅನ್ನುತ್ತಾರೆ.

ಪೈಪಿನ ಮೇಲ್ಭಾಗ ಹಿಗ್ಗುತ್ತದೆ, ಕೆಳಭಾಗ ಹಿಗ್ಗುವುದಿಲ್ಲ. ಪೈಪು ಬಿಲ್ಲಿನಂತೆ ಬಾಗುತ್ತದೆ. ಲೆಕ್ಕ ಹಾಕೋಣ. ಪೈಪಿನ ವ್ಯಾಸ 14 ಇಂಚು, ಅಂದರೆ 356 ಮಿಲಿಮೀಟರ್. ಮೇಲಿಗೂ ಕೆಳಗೂ 150 ಡಿಗ್ರಿ ಅಂತರ. ಹಿಗ್ಗುವ ಪ್ರಮಾಣವನ್ನು ಅಂತರದಿಂದ ಗುಣಿಸಿ ವ್ಯಾಸದಿಂದ ಭಾಗಿಸಿದರೆ ಬಾಗು ಸಿಗುತ್ತದೆ, ಮೀಟರಿಗೆ 0.0072. ಆರು ಮೀಟರ್ ಪೈಪನ್ನು ಎರಡೂ ತುದಿಯಲ್ಲಿ ಸುಮ್ನೆ ಆನಿಸಿಟ್ಟರೆ ನಡುವೆ 32 ಮಿಲಿಮೀಟರ್ ಉಬ್ಬುತ್ತದೆ. ಒಂದು ತುದಿ ಹಿಡಿದು ಇನ್ನೊಂದನ್ನು ಬಿಟ್ಟರೆ, ಬಿಟ್ಟ ತುದಿ 129 ಮಿಲಿಮೀಟರ್ ಸರಿಯುತ್ತದೆ. ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ. ಬಾಗದಂತೆ ಪೂರ್ತಿ ಹಿಡಿದರೆ 230 ಮೆಗಾಪಾಸ್ಕಲ್ ಸ್ಟ್ರೆಸ್.

ಅಮೆರಿಕದ ಆರೆಗಾನ್ ರಾಜ್ಯದ ಟ್ರೋಜನ್ ಸ್ಥಾವರದಲ್ಲಿ ಇದು ಕಣ್ಣಿಗೇ ಕಂಡಿತು. ಲೂಪಿನ ಒತ್ತಡ ಕಾಯುವ ಪ್ರೆಶರೈಸರ್ ಪಾತ್ರೆಯನ್ನು ಲೂಪಿಗೆ ಸೇರಿಸುವ ಸರ್ಜ್ ಲೈನ್ ತನ್ನ ಜಾಗದಿಂದ ಸರಿದಿತ್ತು. ಪೈಪು ಒಡೆದರೆ ಚಾಟಿಯಂತೆ ಬೀಸದಿರಲಿ ಅಂತ ಸುತ್ತ ಕಟ್ಟಿದ ತಡೆಗಳಿಗೂ ಪೈಪಿಗೂ ನಡುವಿನ ಸಂದು ಮುಚ್ಚಿಹೋಗಿತ್ತು. ಡಿಸೈನ್ ಲೆಕ್ಕದಲ್ಲಿ ಇಷ್ಟು ಚಲನೆ ಇರಲೇ ಇಲ್ಲ. ಇಡೀ ಪೈಪಿನೊಳಗೆ ಒಂದೇ ಉಷ್ಣಾಂಶ ಅಂತ ಎಲ್ಲರೂ ಅಂದುಕೊಂಡಿದ್ದರು. ಸ್ಥಾವರ ಪೂರ್ತಿ ಓಡುವಾಗ ಪ್ರೆಶರೈಸರ್‌ಗೂ ಲೂಪಿಗೂ ಅಂತರ ಕಡಿಮೆ, 20 ಡಿಗ್ರಿ ಆಸುಪಾಸು. ಹೀಟಪ್ (ನಿಂತ ಸ್ಥಾವರವನ್ನು ಬಿಸಿಯೇರಿಸುವುದು) ಶುರುವಾಗುವಾಗ ಪ್ರೆಶರೈಸರ್ ಆಗಲೇ ಕುದಿಯುತ್ತಿರುತ್ತದೆ, ಲೂಪ್ ಇನ್ನೂ ತಣ್ಣಗೆ. ಆಗ ಅಂತರ 150 ಡಿಗ್ರಿ ದಾಟಬಹುದು. 1988ರ ಡಿಸೆಂಬರ್‌ನಲ್ಲಿ ಇದಕ್ಕಾಗಿಯೇ ಬುಲೆಟಿನ್ 88-11 ಬಂತು.

ಅದಕ್ಕೂ ಒಂಬತ್ತು ವರ್ಷ ಮೊದಲು, 1979ರ ಮೇ ತಿಂಗಳಲ್ಲಿ, ಮಿಷಿಗನ್‌ನ ಕುಕ್ 2ನೇ ಘಟಕದಲ್ಲಿ ಸ್ಟೀಮ್ ಜನರೇಟರಿಗೆ ನೀರು ಕೊಡುವ ಪೈಪು ನಾಝಲ್ ಹತ್ತಿರ ಸೋರಿತ್ತು. ಕಡಿಮೆ ಹರಿವಿನಲ್ಲಿ ತಣ್ಣೀರು ಕೊಡುವಾಗ ಇದೇ ಪದರ. ಪಾಠ ಹೊಸದೇನಲ್ಲ, ಪೈಪು ಮಾತ್ರ ಬೇರೆ.

ನೀವು ಮಾಡಬೇಕಾದದ್ದು ಇಷ್ಟು: ಹೆಜ್ಜೆ 1ರಲ್ಲಿ ಸುತ್ತು ಹಾಕಿದ ಪ್ರತಿ ಅಡ್ಡ ಪೈಪಿಗೂ ಅತಿ ಕಡಿಮೆ ಹರಿವು ಎಷ್ಟು, ಆಗ ಅಂತರ ಎಷ್ಟು ಅಂತ ಬರೆಯಿರಿ. ಪೂರ್ತಿ ಓಡುವ ದಿನದ ಅಂಕಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಶುರುವಾಗುವ ದಿನ, ನಿಲ್ಲುವ ದಿನದ ಅಂಕಿ ಬೇಕು.

ಹೆಜ್ಜೆ 5: ಟೀ ಎಂಬ ಸಂತೆ

ಬಿಸಿ, ತಣ್ಣನೆ ಎರಡು ಹರಿವು ಟೀಯಲ್ಲಿ ಸೇರಿದಾಗ ತಕ್ಷಣ ಬೆರೆಯುವುದಿಲ್ಲ. ಬಿಸಿ ನಾಲಿಗೆಯೊಂದು ಗೋಡೆ ನೆಕ್ಕುತ್ತದೆ, ಮರುಗಳಿಗೆ ತಣ್ಣನೆ ನಾಲಿಗೆ. ಸೆಕೆಂಡಿಗೊಮ್ಮೆ, ಹತ್ತು ಸೆಕೆಂಡಿಗೊಮ್ಮೆ.

ಫ್ರಾನ್ಸಿನ ಸಿವೋ 1ನೇ ಘಟಕ 1997ರ ಡಿಸೆಂಬರ್ ಕೊನೆಯಲ್ಲಿ ಗ್ರಿಡ್‌ಗೆ ಸೇರಿತು. 1998ರ ಮೇ 12ರಂದು, ಐದು ತಿಂಗಳು ತುಂಬುವ ಮೊದಲೇ, ರಿಯಾಕ್ಟರ್ ನಿಂತ ಮೇಲೆ ಉಳಿಕೆ ಶಾಖ ತೆಗೆಯುವ ಪೈಪಿನ ಎಲ್ಬೋ ಸೀಳಿತು. ಗಂಟೆಗೆ 30 ಘನ ಮೀಟರ್ ನೀರು ಸೋರಿತು. ಹೊರಗಿನಿಂದ ಕಂಡ ಬಿರುಕು ಸುಮಾರು 18 ಸೆಂಟಿಮೀಟರ್ ಉದ್ದ. ಎಲ್ಬೋ ಇದ್ದದ್ದು ಬಿಸಿ ಮತ್ತು ತಣ್ಣೀರು ಸೇರುವ ಟೀಯ ಮುಂದೆ. ಹೊಚ್ಚ ಹೊಸ ಪೈಪು, ವಯಸ್ಸಾದ ದಣಿವು ಅನ್ನುವ ಹಾಗಿಲ್ಲ. ಅದೇ ಮಾದರಿಯ ನಾಲ್ಕೂ ರಿಯಾಕ್ಟರ್‌ಗಳಲ್ಲಿ ಆ ಭಾಗದ ಪೈಪು ಬದಲಿಸಬೇಕಾಯಿತು.

ಈ ಏರಿಳಿತ ಗೋಡೆಯೊಳಗೆ ಎಷ್ಟು ಆಳ ಇಳಿಯುತ್ತದೆ? ಸ್ಟೇನ್‌ಲೆಸ್ ಸ್ಟೀಲಿಗೆ ಲೆಕ್ಕ ಹೀಗೆ ಬರುತ್ತದೆ. ಸೆಕೆಂಡಿಗೊಮ್ಮೆ ಬದಲಾದರೆ ಸುಮಾರು 1 ಮಿಲಿಮೀಟರ್. 10 ಸೆಕೆಂಡಿಗೊಮ್ಮೆ ಆದರೆ 3.6. 100 ಸೆಕೆಂಡಿಗೊಮ್ಮೆ ಆದರೆ 11. ತೀರಾ ವೇಗದ ಏರಿಳಿತವನ್ನು ನೀರಿಗೂ ಲೋಹಕ್ಕೂ ನಡುವಿನ ತೆಳು ಪದರವೇ ನುಂಗುತ್ತದೆ. ತೀರಾ ನಿಧಾನದ್ದಾದರೆ ಗೋಡೆ ಪೂರ್ತಿ ಒಟ್ಟಿಗೇ ಏರಿಳಿಯುತ್ತದೆ. ಇವೆರಡರ ನಡುವಿನದ್ದೇ ಕೆಟ್ಟದ್ದು. ಒಳಮೈಯಲ್ಲಿ ಬಿರುಕಿನ ಜಾಲ ಏಳುತ್ತದೆ, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಹಾಗೆ. ಹೋಲಿಕೆ ಬರೀ ನೋಟದ್ದಲ್ಲ. ಕೆರೆಯಲ್ಲೂ ಮೇಲಿನ ಪದರ ಕುಗ್ಗುತ್ತದೆ, ಕೆಳಗಿನದು ಬಿಡುವುದಿಲ್ಲ. ಜಾಲದ ಬಹುಪಾಲು ಬಿರುಕು ಮೇಲೆಯೇ ನಿಂತುಬಿಡುತ್ತವೆ. ಅಲ್ಲಿ ಬೆಸುಗೆಯ ಗೆರೆ ಅಥವಾ ಒತ್ತಡದ ಸ್ಟ್ರೆಸ್ ಸಹಾಯಕ್ಕೆ ಬಂದರೆ ಒಂದು ಮಾತ್ರ ಆಳಕ್ಕೆ ಹೊರಡುತ್ತದೆ.

ಇನ್ನೊಂದು ಮಾತು. 20 ಮಿಲಿಮೀಟರ್ ಗೋಡೆಯ ಹೊರಮೈಯಲ್ಲಿ ಕೂತ ಥರ್ಮೋಕಪಲ್‌ಗೆ (ಉಷ್ಣಾಂಶ ಅಳೆಯುವ ತಂತಿ) ಸೆಕೆಂಡಿಗೊಮ್ಮೆ ಆಗುವ ಏರಿಳಿತ ಕಾಣುವುದೇ ಇಲ್ಲ. ಹತ್ತು ಸೆಕೆಂಡಿನದ್ದು ಶೇಕಡಾ 1ರಷ್ಟೂ ಬರುವುದಿಲ್ಲ. ಗ್ರಾಫ್ ನೇರವಾಗಿದೆ, ಹಾಗಾಗಿ ಏನೂ ಆಗುತ್ತಿಲ್ಲ ಅಂತ ಬರೆದ ವರದಿ ನೋಡಿದರೆ ಮೊದಲು ಥರ್ಮೋಕಪಲ್ ಎಲ್ಲಿತ್ತು ಅಂತ ಕೇಳಿ.

ಹೆಜ್ಜೆ 6: ದಣಿವಿನ ಲೆಕ್ಕ, ಒಂದು ನಾಝಲ್ ಹಿಡಿದು

ಸ್ಟೇನ್‌ಲೆಸ್ ಸ್ಟೀಲಿನ ಒಂದು ನಾಝಲ್ ತಗೊಳ್ಳೋಣ. ಸ್ಥಾವರದ ಆಯುಷ್ಯದಲ್ಲಿ 200 ಸಲ ಹೀಟಪ್ ಮತ್ತು ಕೂಲ್‌ಡೌನ್, 100 ಸಲ ತಣ್ಣೀರಿನ ಶಾಕ್. ಅಂಕಿಗಳು ಕಲಿಯುವುದಕ್ಕೆ ನಾನು ಆರಿಸಿದ್ದು.

ಶಾಕ್‌ನಲ್ಲಿ ನೀರಿನ ಅಂತರ 200 ಡಿಗ್ರಿ. ಡಿಗ್ರಿಗೆ 4.4ರಂತೆ 880 ಮೆಗಾಪಾಸ್ಕಲ್ ಆಗಬೇಕು. ನಮ್ಮ ಶಾಕ್ ಅಷ್ಟೊಂದು ದಿಢೀರ್ ಅಲ್ಲ, ಶೇಕಡಾ 60 ಮಾತ್ರ ಬೀಳುತ್ತದೆ ಅನ್ನಿ, ಸುಮಾರು 525. ಒತ್ತಡ ಮತ್ತು ಹಿಗ್ಗುವಿಕೆಯಿಂದ 150 ಸೇರಿಸಿ. ಒಟ್ಟು ಏರಿಳಿತ 675 ಮೆಗಾಪಾಸ್ಕಲ್.

ಒಂದು ಘಟನೆಯ ಒಳಗಿನ ಏರಿಳಿತ ನೋಡಿದರೆ ಸಾಲದು. ಎಲ್ಲ ಘಟನೆಗಳ ಅತಿ ಮೇಲಿನ ತುದಿಯನ್ನು ಅತಿ ಕೆಳಗಿನ ತುದಿಯ ಜೊತೆ ಜೋಡಿ ಮಾಡಬೇಕು. ಒಂದು ಯುಗಾದಿಗೆ ಆಗಿ ಇನ್ನೊಂದು ದೀಪಾವಳಿಗೆ ಆಗಿದ್ದರೂ ಲೋಹಕ್ಕೆ ಅದು ಒಂದೇ ಏರಿಳಿತ. ಹೊಸಬರು ಎಡವುವುದು ಇಲ್ಲೇ ಜಾಸ್ತಿ.

ಆಮೇಲೆ ತೊಗಲಿನ ಚೂಪು ಭಾಗ ಬಿಟ್ಟು ಉಳಿದ ಏರಿಳಿತ ಎಷ್ಟು ನೋಡಿ. ನಮ್ಮಲ್ಲಿ 400 ಅನ್ನಿ. ಕೋಡ್ ಪ್ರಕಾರ ಇದು ಅನುಮತಿಸಿದ ಸ್ಟ್ರೆಸ್‌ನ ಮೂರು ಪಟ್ಟಿಗಿಂತ ಕಡಿಮೆ ಇರಬೇಕು. 304 ಸ್ಟೀಲಿಗೆ ಈ ಉಷ್ಣಾಂಶದಲ್ಲಿ ಅದು ಸುಮಾರು 350. ನಾವು ದಾಟಿದ್ದೇವೆ. ದಾಟಿದರೆ ಕೆಲಸ ಮುಗಿಯಿತು ಅಂತಲ್ಲ, ಇನ್ನು ಕೆಲವು ಪರೀಕ್ಷೆ ಪಾಸಾಗಬೇಕು ಮತ್ತು ದಂಡ ಕಟ್ಟಬೇಕು. ದಂಡಕ್ಕೆ ಕೆ-ಇ ಅನ್ನುತ್ತಾರೆ. 400 ಭಾಗಿಸು 350, ಅದರಿಂದ 1 ಕಳೆಯಿರಿ, 3.33ರಿಂದ ಗುಣಿಸಿ, 1 ಕೂಡಿಸಿ. 1.48 ಬಂತು.

ದಣಿವಿನ ಕರ್ವ್ ಓದುವುದು ಏರಿಳಿತದ ಅರ್ಧದಿಂದ. 675ರ ಅರ್ಧವನ್ನು 1.48ರಿಂದ ಗುಣಿಸಿದರೆ 500 ಮೆಗಾಪಾಸ್ಕಲ್. ಈಗ ಡಿಸೈನ್ ಕರ್ವ್ ನೋಡಿ, ಎಷ್ಟು ಸ್ಟ್ರೆಸ್‌ಗೆ ಎಷ್ಟು ಆವರ್ತನೆ ತಡೆಯುತ್ತದೆ ಅಂತ ಅದು ಹೇಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಈಗಿನ ಕರ್ವ್ ಸುಮಾರಾಗಿ ಹೀಗಿದೆ: 745 ಮೆಗಾಪಾಸ್ಕಲ್‌ಗೆ 1,000 ಆವರ್ತನೆ, 368ಕ್ಕೆ 10,000, 196ಕ್ಕೆ 1 ಲಕ್ಷ, 126ಕ್ಕೆ 10 ಲಕ್ಷ. ನಮ್ಮ 500ಕ್ಕೆ ಸುಮಾರು 3,500. ದಂಡ ಕಟ್ಟದಿದ್ದರೆ 13,500 ಸಿಗುತ್ತಿತ್ತು. 50 ಮೆಗಾಪಾಸ್ಕಲ್ ದಾಟಿದ್ದಕ್ಕೆ ಆಯುಷ್ಯ ಕಾಲು ಭಾಗಕ್ಕೆ ಇಳಿಯಿತು ನೋಡಿ.

100 ಭಾಗಿಸು 3,500 ಅಂದರೆ 0.029. ಹೀಟಪ್, ಕೂಲ್‌ಡೌನ್‌ಗೆ 300 ಮೆಗಾಪಾಸ್ಕಲ್ ಅಂದುಕೊಂಡರೆ 20,000 ಆವರ್ತನೆ ಸಿಗುತ್ತದೆ. 200 ಭಾಗಿಸು 20,000 ಅಂದರೆ 0.01. ಎರಡೂ ಕೂಡಿಸಿ, 0.039. ಇದು ಖರ್ಚಾದ ಆಯುಷ್ಯದ ಪಾಲು, 1 ದಾಟಬಾರದು. ಹೀಗೆ ಕೂಡಿಸುವ ನಿಯಮ 1924ರಲ್ಲಿ ಪಾಮ್‌ಗ್ರೆನ್, 1945ರಲ್ಲಿ ಮೈನರ್ ಹೇಳಿದ್ದು. ಅಂಗಡಿಯ ಸಾಲದ ಪುಸ್ತಕದ ಹಾಗೆ, ಬರೆದದ್ದು ಅಳಿಸುವುದಿಲ್ಲ.

ಕೈಗಾದ 1ನೇ ಘಟಕ 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಪತ್ರಿಕೆಗಳು ವಿದ್ಯುತ್ತಿನ ಲೆಕ್ಕ ಬರೆದವು. ಪೈಪಿನವರ ಕಣ್ಣಿಗೆ ಬೀಳುವುದು ಬೇರೆ: ಎರಡೂವರೆ ವರ್ಷದಲ್ಲಿ ಹೀಟಪ್, ಕೂಲ್‌ಡೌನ್ ಬಾಬ್ತಿಗೆ ಒಂದು ಗೆರೆಯೂ ಬೀಳಲಿಲ್ಲ.

ಹೆಜ್ಜೆ 7: ನೀರಿನ ಗುಣಕ

ಹಳೇ ಕರ್ವ್‌ಗಳು ಗಾಳಿಯಲ್ಲಿ ಪರೀಕ್ಷಿಸಿದ ಸ್ಟೀಲಿನವು. ರಿಯಾಕ್ಟರಿನ ಬಿಸಿನೀರಿನಲ್ಲಿ ಅದೇ ಸ್ಟೀಲ್ ಬೇಗ ದಣಿಯುತ್ತದೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಕೆಲಸದ ಆಧಾರದ ಮೇಲೆ 2007ರಲ್ಲಿ ಹೊಸ ಸ್ಥಾವರಗಳಿಗೆ ಎಫ್-ಇಎನ್ ಎಂಬ ಗುಣಕ ಬಂತು. ಆ ಸೂತ್ರದಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆ 300 ಡಿಗ್ರಿಯಲ್ಲಿ, ಅತಿ ನಿಧಾನವಾಗಿ ಎಳೆದಾಗ, ಗುಣಕ ಸುಮಾರು 11. ಬೇಗ ಎಳೆದರೆ 2 ಮಾತ್ರ. ಕಾರಣ ಸರಳ. ನಿಧಾನವಾಗಿ ಬಾಯಿ ತೆರೆದ ಬಿರುಕಿನಲ್ಲಿ ನೀರಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ.

ನಮ್ಮ 0.039 ಅನ್ನು ಅತಿ ಕೆಟ್ಟ 11ರಿಂದ ಗುಣಿಸಿದರೂ 0.43. ಪಾಸ್. ತಣ್ಣೀರಿನ ಶಾಕ್ ಬೇಗನೆ ಎಳೆಯುವಂಥದ್ದು, ಅದಕ್ಕೆ 11 ಹಾಕಿದ್ದು ಜಾಸ್ತಿಯೇ ಆಯಿತು. ಪಾಸಾಗದಿದ್ದಾಗ ಮಾತ್ರ ಅಷ್ಟು ಚೌಕಾಶಿ ಮಾಡಿ.

ಹೆಜ್ಜೆ 8: ಬರೆಯದ ಸಾಲ

ಈಗ ನಿಜವಾದ ಕೆಲಸ. ಫಾರ್ಲಿಯಲ್ಲಿ ಬಿರುಕು ಕಂಡ ಮೇಲೆ ಅಳೆದಾಗ ಪೈಪಿನ ಮೇಲಿಗೂ ಕೆಳಗೂ ಸುಮಾರು 120 ಡಿಗ್ರಿ ಅಂತರ ಸಿಕ್ಕಿತು. ಒಂದೇ ಜಾಗದಲ್ಲಿ ಸುಮಾರು 39 ಡಿಗ್ರಿಯ ಏರಿಳಿತ, 2ರಿಂದ 20 ನಿಮಿಷಕ್ಕೊಮ್ಮೆ.

ಹತ್ತು ನಿಮಿಷಕ್ಕೊಮ್ಮೆ ಅನ್ನಿ. ದಿನಕ್ಕೆ 144, ವರ್ಷಕ್ಕೆ 52,560. ಡಿಸೈನ್ ಪುಸ್ತಕದ 200ರ ಪಕ್ಕ ಇದನ್ನಿಟ್ಟು ನೋಡಿ. 39 ಡಿಗ್ರಿಗೆ ಸುಮಾರು 170 ಮೆಗಾಪಾಸ್ಕಲ್, ಅರ್ಧ 85. ಬೆಸುಗೆಯ ಅಂಚಿಗೆ 1.8 ಪಟ್ಟು ಹಾಕಿದರೆ 153. ಕರ್ವ್‌ನಲ್ಲಿ ಸುಮಾರು 3.3 ಲಕ್ಷ ಆವರ್ತನೆ. ಭಾಗಿಸಿದರೆ ಆರೂಕಾಲು ವರ್ಷ. ಆ ಘಟಕ ವಾಣಿಜ್ಯವಾಗಿ ಶುರುವಾದದ್ದು 1981ರ ಜುಲೈಯಲ್ಲಿ, ಬಿರುಕು 1987ರ ಡಿಸೆಂಬರ್‌ನಲ್ಲಿ.

ಲೆಕ್ಕ ಇಷ್ಟು ಚೆನ್ನಾಗಿ ಕೂತರೆ ನನಗೆ ಅನುಮಾನವೇ ಜಾಸ್ತಿ. ವಾಲ್ವ್ ಮೊದಲ ದಿನದಿಂದಲೇ ಸೋರುತ್ತಿತ್ತು ಅಂತ ನಾನು ಸುಮ್ನೆ ಅಂದುಕೊಂಡೆ. ಇಷ್ಟು ನಿಧಾನದ ಏರಿಳಿತಕ್ಕೆ ಡಿಗ್ರಿಗೆ 4.4 ಪೂರ್ತಿ ಬೀಳುವುದೂ ಇಲ್ಲ. ಅತ್ತ ಒಳಮೈಯ ಏರಿಳಿತ ಹೊರಗೆ ಅಳೆದದ್ದಕ್ಕಿಂತ ಜಾಸ್ತಿ ಇರುತ್ತದೆ. ಡಿಸೈನ್ ಕರ್ವ್‌ನೊಳಗೆ ಸುರಕ್ಷತೆಯ ಅಂಚೂ ಸೇರಿದೆ. ತಪ್ಪುಗಳು ಎದುರುಬದುರು ನಿಂತು ಒಂದನ್ನೊಂದು ಹೊಡೆದುಹಾಕಿವೆ. ಈ ಒರಟು ಲೆಕ್ಕದಿಂದ ನಿಮಗೆ ಬೇಕಾದದ್ದು ಒಂದೇ: ಒಂದು ಹನಿಯುವ ವಾಲ್ವ್ ಪೈಪನ್ನು ಕೆಲವೇ ವರ್ಷಗಳಲ್ಲಿ ಮುಗಿಸಬಲ್ಲದು.

ಹಾಗಾಗಿ ಹೆಜ್ಜೆ 1ರ ಪ್ರತಿ ಸುತ್ತಿಗೂ ಎರಡನೇ ಲೆಕ್ಕ ಮಾಡಿ. ವಾಲ್ವ್ ಸೋರುತ್ತಿದೆ ಅಂದುಕೊಳ್ಳಿ. ವರ್ಷಕ್ಕೆ 50,000 ಆವರ್ತನೆ. ಎಷ್ಟು ಡಿಗ್ರಿ ಏರಿಳಿತ ಆದರೆ ಹತ್ತು ವರ್ಷದಲ್ಲಿ 1 ದಾಟುತ್ತದೆ? ಬರುವ ಉತ್ತರ 35, 40 ಡಿಗ್ರಿ ಆಸುಪಾಸು. ಆ ಅಂಕಿಯನ್ನು ಡ್ರಾಯಿಂಗ್ ಮೇಲೆಯೇ ಬರೆಯಿರಿ. ಆಪರೇಟರ್‌ಗೆ 0.039ಕ್ಕಿಂತ ಇದು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 9: ಅಳೆಯಿರಿ, ಆಮೇಲೆ ಹುಡುಕಿ

ಪೈಪಿನ ಸುತ್ತ ಥರ್ಮೋಕಪಲ್ ಪಟ್ಟಿ ಕಟ್ಟಿ, ಮೇಲೊಂದು, ಕೆಳಗೊಂದು, ಪಕ್ಕದಲ್ಲಿ ಒಂದೆರಡು. ಮೇಲೆ ಒಂದನ್ನೇ ಹಾಕಿದರೆ ಪದರ ಸಿಗುವುದಿಲ್ಲ. ಇನ್ಸುಲೇಷನ್ ಅಡಿಯಲ್ಲಿ, ಲೋಹಕ್ಕೆ ಒತ್ತಿ ಕೂತಿರಬೇಕು. ಸೋರಿಕೆಯ ಏರಿಳಿತ ನಿಮಿಷಗಳದ್ದು, ಹೊರಮೈಗೆ ತಲುಪುತ್ತದೆ, ಚೆನ್ನಾಗಿ ಹಿಡಿಯಬಹುದು. ಟೀಯ ವೇಗದ ಏರಿಳಿತ ಹೀಗೆ ಸಿಗುವುದಿಲ್ಲ. ಅಲ್ಲಿ ಎರಡು ಹರಿವಿನ ಉಷ್ಣಾಂಶ ಬೇರೆಬೇರೆ ಅಳೆದು, ಅಂತರ ದೊಡ್ಡದಿದ್ದ ಗಂಟೆಗಳನ್ನು ಕೂಡಿಸುತ್ತಾ ಹೋಗಿ. ದಾಖಲೆಯನ್ನು ನಿಮಿಷಕ್ಕೊಮ್ಮೆಯಾದರೂ ಇಡಿ. ಗಂಟೆಯ ಸರಾಸರಿ ಇಟ್ಟರೆ ಹತ್ತು ನಿಮಿಷದ ಅಲೆ ಸಪಾಟಾಗಿ ಕಾಣುತ್ತದೆ.

ಬಿರುಕು ಹುಡುಕಲು ಅಲ್ಟ್ರಾಸಾನಿಕ್ ಪರೀಕ್ಷೆ. ಬಿರುಕು ಒಳಗಿನಿಂದ ಹುಟ್ಟುತ್ತದೆ, ನೀವು ಹೊರಗೆ ನಿಂತು ಕೇಳುತ್ತಿದ್ದೀರಿ. ಸ್ಟೇನ್‌ಲೆಸ್ ಬೆಸುಗೆಯ ದಪ್ಪ ಕಣಗಳು ಸದ್ದನ್ನು ಚದುರಿಸುತ್ತವೆ, ಹಾಗಾಗಿ ಅನುಭವ ಇರುವವರನ್ನೇ ಕಳಿಸಿ. ಬೆಸುಗೆ ಮಾತ್ರ ನೋಡಿ ಬಂದುಬಿಡಬೇಡಿ. ಶಾಖದ ದಣಿವು ಎಲ್ಬೋದ ಹೊಟ್ಟೆಯಲ್ಲೂ, ಬೆಸುಗೆಯಿಲ್ಲದ ಬರೀ ಲೋಹದಲ್ಲೂ ಬರುತ್ತದೆ.

ಹೆಜ್ಜೆ 10: ರಿಪೇರಿ

ಮೊದಲ ಮದ್ದು ಸೋರಿಕೆ ನಿಲ್ಲಿಸುವುದು. ವಾಲ್ವಿನ ಸೀಟ್ ಉಜ್ಜಿಸಿ ಅಥವಾ ವಾಲ್ವ್ ಬದಲಿಸಿ. ಎರಡು ವಾಲ್ವ್ ನಡುವಿನ ಪೈಪಿಗೆ ಒತ್ತಡದ ಗೇಜ್ ಕೂರಿಸಿದರೆ ಸೋರಿಕೆ ಶುರುವಾದಾಗಲೇ ಮುಳ್ಳು ಏರಿ ತೋರಿಸುತ್ತದೆ. ಟೀ ಇರುವ ಕಡೆ ಅಂತರ ಜಾಸ್ತಿ ಇರುವ ಗಂಟೆಗಳನ್ನು ಕಡಿಮೆ ಮಾಡಿ, ಬೆಸುಗೆಯ ಒಳಮೈ ನುಣ್ಣಗೆ ಮಾಡಿ. ನಾಝಲ್‌ನೊಳಗೆ ಥರ್ಮಲ್ ಸ್ಲೀವ್ ಹಾಕುವ ಪದ್ಧತಿಯೂ ಇದೆ. ಒಳ ಅಂಗಿಯಂತೆ ಅದು ಶಾಕ್ ತಾನು ತಗೊಂಡು ನಾಝಲನ್ನು ಕಾಯುತ್ತದೆ, ಸಡಿಲವಾಗದ ತನಕ. 1997ರ ಏಪ್ರಿಲ್‌ನಲ್ಲಿ ದಕ್ಷಿಣ ಕ್ಯಾರೊಲಿನಾದ ಒಕೋನಿ 2ನೇ ಘಟಕದಲ್ಲಿ ಸ್ಲೀವ್ ಸಡಿಲವಾಗಿ ಪಕ್ಕದ ಬೆಸುಗೆಯೇ ಬಿರುಕು ಬಿಟ್ಟು ಸೋರಿತು.

ಆಮೇಲೆ ಮೀಟಿಂಗ್‌ನಲ್ಲಿ ಯಾರಾದರೂ ಒಬ್ಬರು ಖಂಡಿತ ಕೇಳುತ್ತಾರೆ: "ಸಾರ್, ಇನ್ನೂ ದಪ್ಪದ ಪೈಪು ಹಾಕಿಬಿಟ್ಟರೆ?" ನೀರಿನ ಒತ್ತಡಕ್ಕೆ ಅದು ಒಳ್ಳೆಯ ಉತ್ತರ. ಶಾಖಕ್ಕಲ್ಲ. 20 ಮಿಲಿಮೀಟರ್ ಇದ್ದದ್ದು 28 ಆದರೆ ಹೆಜ್ಜೆ 3ರ 100 ಸೆಕೆಂಡು 196 ಆಗುತ್ತದೆ. ನಿನ್ನೆ ತನಕ ಲೋಹ ಜೊತೆಗೇ ಬಿಸಿಯಾಗಿ ತಪ್ಪಿಸಿಕೊಳ್ಳುತ್ತಿದ್ದ ಏರಿಳಿತ ಇವತ್ತಿನಿಂದ ಶಾಕ್ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಈ ಗುಣಾಕಾರ ಬೋರ್ಡಿನ ಮೇಲೆ ಬರೆದು ತೋರಿಸಿ, ವಾಲ್ವಿನ ಸೀಟಿಗೆ ವರ್ಕ್ ಆರ್ಡರ್ ಹಾಕಿಸಿಕೊಂಡೇ ಎದ್ದು ಬನ್ನಿ.